ಪುಕ್ಕಟೆ ಫೀಲ್ಡ್ ಅಸಿಸ್ಟೆಂಟ್ ಆಗ್ಲಿಕ್ಕ ನಮ್ ಹುಡುಗ್ರ ಹತ್ರ ರೊಕ್ಕ ಇಲ್ರಿ

ಸಂಪಾದಕರಿಗೆ ನಮಸ್ಕಾರ,

ಮಂಗ್ಯಾಗಳ ನಡವಳಿಕೆ ಸ್ಟಡಿ ಮಾಡೋ ಪ್ರಾಜೆಕ್ಟಿಗೆ ಫೀಲ್ಡ್ ಅಸಿಸ್ಟೆಂಟ್ ಬೇಕಂತ ವಾಟ್ಸಾಪಿನಾಗ ಜಾಹೀರಾತು ಬರ್ತಾವ, ತೆಗ್ದು ನೋಡಿದ್ರ ಪಗಾರ ಇಲ್ಲ, ಊಟ ವಸ್ತಿ ನಿಮ್ದ, ಎಕ್ಸ್‌ಪೀರಿಯನ್ಸ್ ಸಿಗ್ತದ ಅಂತ ಬರ್ದಿರ್ತಾರ. ತೊಗರಿ ಬೆಳ್ಯೋ ಮನಿ ಹುಡುಗ ತಿಂಗಳಗಟ್ಟಲೆ ಕೈಯಿಂದ ರೊಕ್ಕ ಹಾಕಿ ಕಾಡಿನಾಗ ಹೆಂಗ ಕೂಡ್ತಾನ್ರಿ? ಅದಕ್ಕ ನಮ್ ಝೂಲಜಿ ಹುಡುಗ್ರು ಅಪ್ಲಿಕೇಶನ್ನೇ ಹಾಕಂಗಿಲ್ಲ.

ಸುಮ್ನ ಮಂಗ್ಯಾ ನೋಡ್ಕೋತ ಕುಂದ್ರೋ ಕೆಲಸ ಅಲ್ಲ ಇದು. ಮೊದ್ಲು ಹರಿದ ಕಿವಿ, ಮುರಿದ ಬಾಲ, ಮಾರಿ ಮ್ಯಾಲಿನ ಕಲೆ ನೋಡಿ ಒಂದೊಂದನ್ನೂ ಗುರ್ತು ಹಿಡೀಬೇಕು, ಆಮ್ಯಾಲ ಒಂದನ್ನ ಆರಿಸ್ಕೊಂಡು ಹತ್ತು ಹದಿನೈದು ನಿಮಿಷ ಕಣ್ಣು ತೆಗೀದಂಗ ಅದು ಏನ್ ತಿಂತು, ಯಾರ ಹೇನು ಹೆಕ್ಕಿತು, ಯಾರಿಗೆ ಹಲ್ಲು ಕಿಸೀತು ಎಲ್ಲಾ ಟೈಮ್ ಸಮೇತ ಬರ್ಕೋಬೇಕು. ಅಮೆರಿಕದ ಪ್ರಾಣಿ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಾಗ ಬರೆದ ಸಂಶೋಧನಾ ಪೇಪರಿನಿಂದ ಈ ಪದ್ಧತಿ ಗಟ್ಟಿ ಆತು. ನಮ್ ಧಾರವಾಡದ ಹತ್ರಾನೇ ಜಪಾನಿನ ಸಂಶೋಧಕ ಸುಗಿಯಾಮ 1960ರ ದಶಕದಾಗ ಮುಸುವಗಳ ಹಿಂದ ಅಡ್ಡಾಡಿ, ಹೊಸ ಗಂಡೊಂದು ಗುಂಪನ್ನ ಹಿಡಿದ ಮ್ಯಾಲ ಮರಿಗಳನ್ನ ಕೊಲ್ತದ ಅಂತ ಜಗತ್ತಿಗೆ ತೋರಿಸಿದ್ರು.

ನಮ್ ಕಡಿಗೂ ಕೆಲಸ ಭಾಳ ಅದ. ಉತ್ತರದ ರೀಸಸ್ ಮಂಗ್ಯಾ ದಕ್ಷಿಣಕ್ಕ ಸರಕೋತ ಬಂದು ನಮ್ ಕಡಿ ಮಾಮೂಲಿ ಮಂಗ್ಯಾ, ಅಂದ್ರ ಬಾನೆಟ್ ಮಕಾಕ್, ಅದರ ಜಾಗ ಹಿಡೀಲಿಕತ್ತದ ಅಂತ ಸಂಶೋಧಕರು ಬರ್ದಾರ, ರೀಸಸ್ ತೆಲಂಗಾಣದಾಗಂತೂ ಅದ, ನಮ್ ಬೀದರ್ ಚಿಂಚೋಳಿ ಆ ಗಡಿಗೇ ಹತ್ತಿ ಅವ. ಗುರ್ತು ಹಿಡ್ಯೋದು ಕಷ್ಟ ಏನಲ್ಲ, ರೀಸಸ್ ಬಾಲ ಮೋಟು, ಹಿಂಭಾಗ ಕೆಂಪು, ನಮ್ದಕ್ಕ ಉದ್ದ ಬಾಲ, ನೆತ್ತಿ ಮ್ಯಾಲ ಟೊಪ್ಪಿಗಿ ಹಂಗ ಕೂದಲ ಸುಳಿ. ಖರೇ ಊರೂರು ತಿರುಗಿ ನೋಡೋರು ಬೇಕಲ್ಲ. ಗುಡಿ ಮುಂದ ಬಾಳೆಹಣ್ಣು ಒಗ್ಯೋ ಮಂದಿಗೇನ್ ಕಮ್ಮಿ ಇಲ್ಲ ಬಿಡ್ರಿ.

ಯುನಿವರ್ಸಿಟಿಯವ್ರು, ಅರಣ್ಯ ಇಲಾಖೆಯವ್ರು ಕೂಡಿ ಚಿಂಚೋಳಿ ವನ್ಯಜೀವಿ ಧಾಮದಾಗ ಎಂ.ಎಸ್ಸಿ ಹುಡುಗ್ರಿಗೆ ಪರ್ಮಿಷನ್ ಕೊಟ್ಟು ಈ ಮಂಗ್ಯಾ ಸ್ಟಡಿ ಶುರು ಮಾಡ್ಲಿ, ತಿಂಗಳಿಗೆ ಸ್ಟೈಪೆಂಡ್ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕದಾಗ ಕೊಡ್ಲಿ, ಒಂದೆರಡು ಬೈನಾಕ್ಯುಲರ್ ಸಾಕು. ಹುಡುಗ್ರಿಗೆ ಕಲಿಸ್ಲಿಕ್ಕ ಮೈಸೂರು ಬೆಂಗಳೂರಿಂದ ಗೊತ್ತಿದ್ದವ್ರನ್ನ ಒಂದ್ ವಾರ ಕರೆಸ್ಲಿ. ಮತ್ತ ಸಂಶೋಧನಾ ಪೇಪರ್ ಬಂದಾಗ ಬಿಸಲಾಗ ನಿಂತು ಬರ್ಕೊಂಡ ಹುಡುಗ್ರ ಹೆಸರೂ ಹಾಕ್ಲಿ.

— ಝೂಲಜಿ ವಿದ್ಯಾರ್ಥಿ, ಕಲಬುರಗಿ