ಕೋಚನ್ನ ಮನೆಗೆ ಕಳಿಸ್ತಾರಾ ಅಂತ ಕೇಳಿದ್ರಲ್ಲ ಅಪ್ಪ

ವಿನಿಪೆಗ್, ಕೆನಡಾ,
24 ನವೆಂಬರ್ 2024

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ಅಮ್ಮ, ನೀನು ಕಳಿಸಿದ ಚಟ್ನಿಪುಡಿ ಇನ್ನೂ ಇದೆ, ಆ ಚಿಂತೆ ಬಿಡು.

ಅಪ್ಪ, ಮೊನ್ನೆ ಫೋನಿನಲ್ಲಿ ನಮ್ಮ ಊರಿನ ಫುಟ್‌ಬಾಲ್ ತಂಡ ಬ್ಲೂ ಬಾಂಬರ್ಸ್ ಫೈನಲ್‌ನಲ್ಲಿ ಸೋತರು ಅಂದ ಕೂಡಲೇ ನೀವು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಕೋಚನ್ನ ಮನೆಗೆ ಕಳಿಸ್ತಾರಾ?" ಅಷ್ಟರಲ್ಲಿ ಲೈನ್ ಕಟ್ ಆಯ್ತು. ಜೀವನವಿಡೀ ಪಿ.ಟಿ. ಮೇಷ್ಟ್ರಾಗಿ ಹುಡುಗರ ಖೋ-ಖೋ ತಂಡ ಕಟ್ಟಿದವರು ಕೇಳಿದ ಪ್ರಶ್ನೆ. ಅರ್ಧಂಬರ್ಧ ಉತ್ತರ ಕೊಡೋಕೆ ಮನಸ್ಸಿಲ್ಲ. ಅದಕ್ಕೇ ಈ ಕಾಗದ.

ಮೊದಲು ಆಟದ ಬಗ್ಗೆ ಎರಡು ಮಾತು. ಹೆಸರು ಫುಟ್‌ಬಾಲ್, ಆದರೆ ಚೆಂಡು ಜಾಸ್ತಿ ಹೊತ್ತು ಕೈಯಲ್ಲೇ ಇರುತ್ತದೆ. ಒಂದೊಂದು ಕಡೆ 12 ಜನ. ಮೂರು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎರಡು ಸಲ ಆಗಲಿಲ್ಲ ಅಂದರೆ ಸಾಮಾನ್ಯವಾಗಿ ಮೂರನೇ ಸಲ ಚೆಂಡನ್ನು ದೂರ ಒದ್ದುಬಿಡುತ್ತಾರೆ. ಒದೆಯಬೇಕಾ, ಧೈರ್ಯ ಮಾಡಿ ನುಗ್ಗಬೇಕಾ ಅಂತ ಹೇಳಬೇಕಾದವರು ಹೆಡ್ ಕೋಚ್. ಅದೂ ಕೆಲವೇ ಸೆಕೆಂಡಿನಲ್ಲಿ.

ನಮ್ಮ ಸ್ಟೇಡಿಯಂ ಇರುವುದು ಯೂನಿವರ್ಸಿಟಿ ಆವರಣದಲ್ಲೇ. ನಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಇಡೀ ಸ್ಟೇಡಿಯಂ ತಣ್ಣಗಾಗುತ್ತದೆ, ಆಟಗಾರರಿಗೆ ಸಂಜ್ಞೆ ಕೇಳಿಸಲಿ ಅಂತ. ಮೂರನೇ ಅವಕಾಶ, ಇನ್ನೊಂದೇ ಗಜ ಬಾಕಿ. ಎಲ್ಲರ ಕಣ್ಣು ಗೆರೆಯ ಪಕ್ಕ ನಿಂತ ಆ ಮನುಷ್ಯನ ಮೇಲೆ. ಕಿವಿಗೆ ಹೆಡ್‌ಸೆಟ್, ತಲೆಗೆ ಟೋಪಿ, ಕಾಲಿಗೆ ಚಡ್ಡಿ. ನಾವು ಕೋಟಿನ ಮೇಲೆ ಕೋಟು ಹಾಕಿ ನಡುಗುವ ಸಂಜೆಯಲ್ಲೂ ಅವರದ್ದು ಚಡ್ಡಿಯೇ. ಮೈಕ್ ಓಶೇ ಅಂದರೆ ಅವರೇ.

ಇವರು ಆಂಟಾರಿಯೊದ ನಾರ್ತ್ ಬೇ ಊರಿನವರು. ಆಡುವ ಕಾಲದಲ್ಲಿ ದೊಡ್ಡ ಲೈನ್‌ಬ್ಯಾಕರ್, ಅಂದರೆ ಚೆಂಡು ಹಿಡಿದು ಓಡುವವರನ್ನು ಕೆಡವುವ ಕೆಲಸ. ಟೊರಾಂಟೊ ತಂಡದಲ್ಲಿದ್ದು ಮೂರು ಸಲ ಗ್ರೇ ಕಪ್, ಅಂದರೆ ಇಲ್ಲಿನ ಲೀಗ್ ಫೈನಲ್‌ನ ಕಪ್, ಗೆದ್ದವರು. 2014ರಲ್ಲಿ ಇಲ್ಲಿಗೆ ಕೋಚ್ ಆದರು. ಮೊದಲ ವರ್ಷ 18 ಪಂದ್ಯದಲ್ಲಿ 7 ಗೆಲುವು. ಎರಡನೇ ವರ್ಷ ಬರೀ 5. ಮೂರನೇ ವರ್ಷದ ಮೊದಲ ಐದರಲ್ಲಿ ಗೆದ್ದಿದ್ದು ಒಂದು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು, ಅಲ್ವಾ? ಇವರನ್ನು ಉಳಿಸಿಕೊಂಡರು. ಇವರು ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡು ಎಸೆದು ಆಟ ನಡೆಸುವವನನ್ನು, ಬದಲಾಯಿಸಿದರು, ಆಮೇಲೆ ಸತತ ಏಳು ಪಂದ್ಯ ಗೆದ್ದರು. ಈ ತಂಡಕ್ಕೆ ಒಬ್ಬ ಮಾಲೀಕ ಅಂತ ಇಲ್ಲ, ಊರಿಗೇ ಸೇರಿದ ಸಂಸ್ಥೆ. ಆ ತಾಳ್ಮೆಗೆ ಅದೂ ಒಂದು ಕಾರಣ ಅಂತ ನನಗನಿಸುತ್ತದೆ.

ಆದರೆ ಮೊದಲು ಆ ತಾಳ್ಮೆ ಇರಲಿಲ್ಲ. 1990ರಲ್ಲಿ ಮೈಕ್ ರೈಲಿ ಕೋಚ್ ಆಗಿದ್ದ ಕಾಲದಲ್ಲಿ ಕಪ್ ಬಂತು. ಆಮೇಲೆ 29 ವರ್ಷ ಇಲ್ಲ. ನಡುವೆ ಹತ್ತಕ್ಕೂ ಹೆಚ್ಚು ಕೋಚ್‌ಗಳು ಬಂದು ಹೋದರು, ಕೆಲವರು ಒಂದೇ ಸೀಸನ್. ಒಬ್ಬ ಅಭಿಮಾನಿ, ಕಪ್ ಗೆಲ್ಲೋವರೆಗೆ ಪ್ಯಾಂಟ್ ಹಾಕಲ್ಲ ಅಂತ 2001ರಲ್ಲಿ ಶಪಥ ಮಾಡಿದ್ದರಂತೆ. ಈ ಊರಿನ ಚಳಿಯಲ್ಲಿ! 2019ರಲ್ಲಿ ಓಶೇ ತಂಡ ಕ್ಯಾಲ್ಗರಿಯಲ್ಲಿ ಹ್ಯಾಮಿಲ್ಟನ್‌ನ 33-12ರಲ್ಲಿ ಸೋಲಿಸಿದ ಮೇಲೇ ಅವರು ಪ್ಯಾಂಟ್ ಹಾಕಿದ್ದು.

ಆ ಕೋಚ್‌ಗಳ ಸಾಲಿನಲ್ಲಿ ಕಾಲ್ ಮರ್ಫಿ ಅನ್ನೋರನ್ನು ಮಾತ್ರ ಬಿಡೋಕಾಗಲ್ಲ. 1984ರಲ್ಲಿ ಕಪ್ ಗೆದ್ದುಕೊಟ್ಟವರು. 1992ರಲ್ಲಿ ಅವರಿಗೆ ಹೃದಯದ ಕಸಿ ಆಯ್ತು. ಮರುವರ್ಷವೇ ಮತ್ತೆ ಗೆರೆಯ ಪಕ್ಕ ಬಂದು ನಿಂತು ತಂಡವನ್ನು ಫೈನಲ್‌ಗೆ ಒಯ್ದರು.

ಇನ್ನು ಬಡ್ ಗ್ರಾಂಟ್. ಸ್ಟೇಡಿಯಂ ಹೊರಗೆ ಇವರ ಕಂಚಿನ ಪ್ರತಿಮೆ ಇದೆ. ಇಲ್ಲಿ ಚೆಂಡು ಹಿಡಿಯುವ ಆಟಗಾರರಾಗಿದ್ದರು. 1957ರಲ್ಲಿ, 29ನೇ ವಯಸ್ಸಿಗೇ ಕೋಚ್. ನಿನ್ನೆ ತನಕ ಜೊತೆಗೆ ಓಡಿದವರಿಗೇ ಇವತ್ತು ಹೇಳಿಕೊಡಬೇಕು. ಅದು ಎಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಸೀಸನ್‌ನಲ್ಲಿ ನಾಲ್ಕು ಕಪ್: 1958, 1959, 1961, 1962. ನಾಲ್ಕೂ ಸಲ ಸೋತವರು ಅದೇ ಹ್ಯಾಮಿಲ್ಟನ್.

1962ರ ಫೈನಲ್ ಅಂತೂ ಕೇಳಬೇಕು. ಟೊರಾಂಟೊದಲ್ಲಿ ಪಂದ್ಯ. ಪಕ್ಕದ ಆಂಟಾರಿಯೊ ಸರೋವರದಿಂದ ಮಂಜು ಎದ್ದು ಮೈದಾನ ಮುಚ್ಚಿತು. ಒದ್ದ ಚೆಂಡು ಎಲ್ಲಿ ಬೀಳುತ್ತದೆ ಅಂತ ಹಿಡಿಯಬೇಕಾದವನಿಗೇ ಕಾಣದು. 9 ನಿಮಿಷ 29 ಸೆಕೆಂಡು ಬಾಕಿ ಇರುವಾಗ ಪಂದ್ಯ ನಿಲ್ಲಿಸಿದರು. ಆಗ ಗ್ರಾಂಟ್ ತಂಡ 28-27, ಒಂದೇ ಅಂಕ ಮುಂದೆ. ರಾತ್ರಿ ಕಳೆದು ಮಾರನೇ ದಿನ ಉಳಿದದ್ದು ಆಡಿದರು. ಎರಡೂ ಕಡೆ ಒಂದೂ ಅಂಕ ಬರಲಿಲ್ಲ. ಒಂದು ಅಂಕ ಮುಂದಿರುವ ತಂಡದ ಕೋಚ್ ಆ ರಾತ್ರಿ ಹುಡುಗರಿಗೆ ಏನು ಹೇಳಿರಬಹುದು? ಪ್ರತಿಮೆ ಮುಂದೆ ಹಾದುಹೋಗುವಾಗ ನನಗೆ ಅದೇ ಯೋಚನೆ.

ಆಮೇಲೆ ಅವರು ಅಮೆರಿಕದ ಮಿನೆಸೊಟ ತಂಡಕ್ಕೆ ಹೋಗಿ ಅಲ್ಲೂ ಹೆಸರು ಮಾಡಿದರು. ಹೋದ ವರ್ಷ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಇಲ್ಲಿ ಅವರು ಗೆದ್ದಿದ್ದು 102 ಲೀಗ್ ಪಂದ್ಯ. ಆ ದಾಖಲೆಯನ್ನು ಈ ವರ್ಷ ಓಶೇ ದಾಟಿದರು. ಆದರೂ ನನ್ನ ಮಟ್ಟಿಗೆ ಗ್ರಾಂಟ್ ಒಂದು ಕೈ ಮೇಲೆ. ನಾಲ್ಕು ಕಪ್ ನಾಲ್ಕೇ, ಓಶೇಗೆ ಇನ್ನೂ ಎರಡು, 2019 ಮತ್ತು 2021.

ಈಗ ನಿಮ್ಮ ಪ್ರಶ್ನೆ. ಈ ಫೈನಲ್ ಸೇರಿ ಸತತ ಮೂರು ಸೋಲು, ನಿಜ. 2022ರಲ್ಲಿ ಒಂದೇ ಅಂಕದಿಂದ. 2023ರಲ್ಲಿ ಇನ್ನು 13 ಸೆಕೆಂಡು ಇದೆ ಅನ್ನುವಾಗ ಮಾಂಟ್ರಿಯಲ್‌ನವರು ಗೆಲುವು ಕಿತ್ತುಕೊಂಡರು. ಆದರೆ ಸತತ ಐದು ಫೈನಲ್ ತಲುಪಿದ ತಂಡ ಇದು. ಈ ವರ್ಷ ಮೊದಲ ನಾಲ್ಕೂ ಪಂದ್ಯ ಸೋತು, ಎಂಟು ಮುಗಿದಾಗ ಎರಡೇ ಗೆಲುವಿತ್ತು. ಆಮೇಲೆ ಸತತ ಎಂಟು ಗೆದ್ದು ಪಶ್ಚಿಮ ವಿಭಾಗಕ್ಕೇ ಮೊದಲು ಬಂದರು. ಓಶೇ ಅವರನ್ನು ಕಳಿಸಿ ಅಂತ ನನ್ನ ಸ್ನೇಹಿತರಲ್ಲಿ ಒಬ್ಬರೂ ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ವಾರವಿಡೀ ನಮ್ಮಲ್ಲಿ ಜಗಳ. ವ್ಯಾಂಕೂವರ್‌ನ ಆ ಫೈನಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಕೊಲಾರೋಸ್ ಅವರ ಚೆಂಡೆಸೆಯುವ ಕೈಯ ಬೆರಳಿಗೇ ಗಾಯವಾಯ್ತು. ಸ್ವಲ್ಪ ಹೊತ್ತು ಬದಲಿ ಆಟಗಾರ ಆಡಿದ. ಆಮೇಲೆ ಕೊಲಾರೋಸ್ ಮತ್ತೆ ಇಳಿದರು, ಓಶೇ ಒಪ್ಪಿದರು. ಆ ಪಂದ್ಯದಲ್ಲಿ ಅವರ ನಾಲ್ಕು ಎಸೆತ ಎದುರಾಳಿ ಕೈ ಸೇರಿದವು, ಟೊರಾಂಟೊ 41-24ರಲ್ಲಿ ಗೆದ್ದಿತು. ಇಷ್ಟು ವರ್ಷ ಗೆಲ್ಲಿಸಿದವನು "ನಾನು ಆಡ್ತೀನಿ" ಅಂದರೆ ಬೇಡ ಅನ್ನೋದು ಹೇಗೆ ಅಂತ ನಾನು ವಾದ ಮಾಡಿದೆ. ನನ್ನ ರೂಮ್‌ಮೇಟ್ ಒಪ್ಪಲೇ ಇಲ್ಲ. ನೀವಾಗಿದ್ರೆ ಕೊಲಾರೋಸ್ ಅವರನ್ನು ಮತ್ತೆ ಆಡೋಕೆ ಇಳಿಸ್ತಿದ್ರಾ? ಸುಮ್ನೆ ಫೋನಿನಲ್ಲಿ ಹೂಂ-ಉಹೂಂ ಅನ್ನಬೇಡಿ, ಕಾರಣ ಸಮೇತ ಬರೆದು ಕಳಿಸಿ. ಅವಳಿಗೆ ಓದಿ ಹೇಳ್ತೀನಿ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ಪುಟ್ಟಿ