ಬೇಲಿಯೊಳಗಿನ ಕ್ಯಾರಿಬೂ, ಬೇಲಿಯಾಚೆಯ ತೋಳ

ಪ್ರೀತಿಯ ಗೆಳೆಯಾ,

ಕೆನಡಾದ 25 ಸೆಂಟ್ ನಾಣ್ಯದ ಮೇಲೆ 1937ರಿಂದ ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿ ತಲೆ ಎತ್ತಿ ನಿಂತಿದೆ, ಅದೇ ದೇಶದ ಜಾಸ್ಪರ್ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಮಾತ್ರ ಯಾಕೆ ಕರಗಿಹೋಗುತ್ತಿದೆ, ಬೇಲಿ ಹಾಕಿ ಮರಿ ಮಾಡಿಸಿ ಬಿಟ್ಟರೆ ಆಯಿತಲ್ಲ ಎಂದು ನೀನು ಕೇಳಿದ್ದೆ. ಮರಿ ಮಾಡಿಸುವುದು ಇದರಲ್ಲಿ ಸುಲಭದ ಪಾಲು. ಬಿಟ್ಟ ಮರಿ ಬದುಕುವಂಥ ಕಾಡು ಇರಬೇಕು, ಕಷ್ಟ ಇರುವುದು ಅಲ್ಲಿ.

ಕತೆ ಶುರುವಾಗುವುದು ಎಲ್ಕ್ ಎಂಬ ಇನ್ನೊಂದು ದೊಡ್ಡ ಜಿಂಕೆಯಿಂದ. 1920ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನಿಂದ 88 ಎಲ್ಕ್‌ಗಳನ್ನು ಜಾಸ್ಪರ್‌ಗೆ ತಂದು ಬಿಟ್ಟರು. ಜೊತೆಗೆ ತೋಳಗಳನ್ನು ದಶಕಗಟ್ಟಲೆ ಕೊಂದರು, ಎಲ್ಕ್ ಮಿತಿಮೀರಿ ಬೆಳೆಯಿತು. ಕೊಲ್ಲುವುದು ನಿಂತ ಮೇಲೆ, ಕಣಿವೆ ತುಂಬ ಊಟ ಸಿಕ್ಕ ತೋಳಗಳೂ ಹೆಚ್ಚಿದವು. ತೋಳಕ್ಕೆ ಹೊಟ್ಟೆ ತುಂಬಿಸಿದ್ದು ಎಲ್ಕ್, ದಾರಿಯಲ್ಲಿ ಸಿಕ್ಕಿ ಸತ್ತದ್ದು ಕ್ಯಾರಿಬೂ. ಸಾವಿರ ಚದರ ಕಿಲೋಮೀಟರಿಗೆ ಮೂರಕ್ಕಿಂತ ಹೆಚ್ಚು ತೋಳಗಳಿದ್ದರೆ ಕ್ಯಾರಿಬೂ ಹಿಂಡು ನಿಲ್ಲುವುದಿಲ್ಲ ಎಂಬುದು ಅಲ್ಲಿನವರು ಹಿಡಿದಿರುವ ಲೆಕ್ಕ. ಈಗ ಎಲ್ಕ್ ಇಳಿದಿದೆ, ತೋಳವೂ ಆ ಗೆರೆಯ ಕೆಳಗೆ ಬಂದಿದೆ. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಜಾಸ್ಪರ್‌ನ ಕ್ಯಾರಿಬೂ ಹಿಂಡುಗಳಲ್ಲಿ ಮಲೀನ್ ಹಿಂಡು ಅಳಿದೇ ಹೋಯಿತು. ಬ್ರೆಜೊದಲ್ಲಿ ಉಳಿದದ್ದು ಹತ್ತಕ್ಕಿಂತ ಕಡಿಮೆ, ಟಾಂಕ್ವಿನ್‌ನಲ್ಲಿ ಸುಮಾರು ಐವತ್ತು, ಅದರಲ್ಲಿ ಮರಿ ಹಾಕುವ ಹೆಣ್ಣು ಹತ್ತರ ಆಸುಪಾಸು. ಪಕ್ಕದ ಬ್ಯಾನ್ಫ್‌ನಲ್ಲಿ 2009ರಲ್ಲಿ ಉಳಿದಿದ್ದ ಐದನ್ನೂ ಒಂದೇ ಹಿಮಕುಸಿತ ನುಂಗಿತು. ಹಿಂಡು ಚಿಕ್ಕದಾದರೆ ಅದನ್ನು ಮುಗಿಸಲು ತೋಳವೇ ಬೇಕಿಲ್ಲ.

ಕ್ಯಾರಿಬೂ ನಿಧಾನದ ಪ್ರಾಣಿ. ಹೆಣ್ಣು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮೊದಲ ಮರಿ ಹಾಕುತ್ತದೆ, ವರ್ಷಕ್ಕೆ ಒಂದೇ. ಅಕ್ಟೋಬರಿನಲ್ಲಿ ಬೆದೆ, ಏಳೂವರೆ ತಿಂಗಳ ಗರ್ಭ, ಮೇ ಕೊನೆ ಅಥವಾ ಜೂನಿನಲ್ಲಿ ಮರಿ. ಆ ಮರಿಗಳಲ್ಲಿ ವರ್ಷ ತುಂಬುವುದು ಅರ್ಧಕ್ಕಿಂತ ಕಡಿಮೆ. ಹತ್ತು ಹೆಣ್ಣುಗಳಿಂದ ಎಷ್ಟು ಬಂದೀತು, ನೀನೇ ಲೆಕ್ಕ ಹಾಕು. ಅದಕ್ಕೇ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾ, ಜಾಸ್ಪರ್ ಪಟ್ಟಣದ ದಕ್ಷಿಣಕ್ಕೆ ಒಂದು ಸಂವರ್ಧನಾ ಕೇಂದ್ರ ಕಟ್ಟಿತು. 2025ರಲ್ಲಿ ಮೊದಲ ಪ್ರಾಣಿಗಳು ಒಳಗೆ ಬಂದವು. ಯೋಜನೆಯಲ್ಲಿ ಗರಿಷ್ಠ 40 ಹೆಣ್ಣು, 5 ಗಂಡು. ಟಾಂಕ್ವಿನ್ ಹಿಂಡನ್ನು 200ಕ್ಕೆ ಮುಟ್ಟಿಸುವುದು ಗುರಿ.

ಕ್ಯಾರಿಬೂವನ್ನು ಹಿಡಿಯುವುದು ಚಳಿಗಾಲದ ಕೊನೆಯಲ್ಲಿ, ಹೆಲಿಕಾಪ್ಟರಿನಿಂದ ಬಲೆ ಹಾರಿಸಿ. ದಪ್ಪ ಹಿಮ ಅದರ ಓಟವನ್ನು ಕಟ್ಟಿಹಾಕುತ್ತದೆ, ಬಿದ್ದರೆ ಮೂಳೆ ಮುರಿಯುವ ಭಯ ಕಡಿಮೆ, ಚಳಿ ಮೈಯ ಕಾವನ್ನು ತಗ್ಗಿಸುತ್ತದೆ. ಬೆನ್ನಟ್ಟುವುದು ನಿಮಿಷಗಳ ಲೆಕ್ಕದಲ್ಲೇ ಮುಗಿಯಬೇಕು. ಕಾವು 41 ಡಿಗ್ರಿ ದಾಟಿದರೆ ಅಪಾಯ, ಓಡಿ ದಣಿದ ಸ್ನಾಯು ಒಡೆದು ದಿನಗಳ ನಂತರವೂ ಸಾವು ಬರಬಹುದು. ಹಿಡಿದ ಕೂಡಲೆ ಕಣ್ಣಿಗೆ ಬಟ್ಟೆ, ಕಾಲಿಗೆ ಕಟ್ಟು, ಹಗುರವಾಗಿ ಮಂಪರು ತರಿಸುವ ಔಷಧಿ. ರಕ್ತ ತೆಗೆದು ಅದರಲ್ಲಿ ಗರ್ಭದ ಹಾರ್ಮೋನಾದ ಪ್ರೊಜೆಸ್ಟರಾನ್ ಎಷ್ಟಿದೆ ಎಂದು ನೋಡಿದರೆ ಗಬ್ಬವೋ ಅಲ್ಲವೋ ತಿಳಿಯುತ್ತದೆ.

ಮುಂದಿನ ಗಂಡಾಂತರ ಹೊಟ್ಟೆಯದು. ಕಾಡಿನ ಕ್ಯಾರಿಬೂ ಚಳಿಗಾಲದಲ್ಲಿ ಹಿಮ ಕೆದಕಿ ತಿನ್ನುವುದು ಕಲ್ಲುಹೂವನ್ನು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದಾಯಾದಿ ಅದು, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಅದನ್ನೇ ತಿಂದು ಬಂದ ಮೆಲುಕುಹೊಟ್ಟೆಗೆ ಧಾನ್ಯದ ಗುಳಿಗೆಯನ್ನು ಒಂದೇ ಸಲ ಸುರಿದರೆ ಒಳಗೆಲ್ಲ ಹುಳಿ ಹೆಚ್ಚಿ ಪ್ರಾಣಿ ಮೇವು ಬಿಡುತ್ತದೆ, ಸಾಯಲೂಬಹುದು. ಆದ್ದರಿಂದ ಕೈಯಲ್ಲಿ ಬಿಡಿಸಿ ತಂದ ಕಲ್ಲುಹೂವಿಗೆ ಮೊದಲು ಒಂದು ಹಿಡಿ ಗುಳಿಗೆ ಬೆರೆಸಿ, ವಾರಗಟ್ಟಲೆ ಅಳತೆ ಬದಲಿಸುತ್ತ ಹೋಗಬೇಕು. ದಿನವೂ ಹಿಕ್ಕೆ ನೋಡಬೇಕು: ಬಿಡಿಬಿಡಿ ಗಟ್ಟಿ ಗುಂಡಾಗಿದ್ದರೆ ಸರಿ, ಮೆತ್ತಗೆ ಅಂಟಿಕೊಂಡಿದ್ದರೆ ಆವತ್ತೇ ಗುಳಿಗೆ ಇಳಿಸಬೇಕು.

ಬೇಲಿ ಎಂದರೆ ಬರೀ ತಂತಿ ಎಂದುಕೊಳ್ಳಬೇಡ. ಇಂಥ ದೊಡ್ಡಿಗಳಲ್ಲಿ ಒಳಬದಿಗೆ ದಪ್ಪ ಬಟ್ಟೆ ಹೊದಿಸುವುದುಂಟು. ಹೊರಗಿನ ತೋಳ ಕಾಣಿಸದಿದ್ದರೆ ಒಳಗಿನದು ಬೆದರಿ ಬೇಲಿಗೆ ನುಗ್ಗುವುದಿಲ್ಲ. ಕರಡಿಗಾಗಿ ಹೊರಗೆ ವಿದ್ಯುತ್ ತಂತಿ. ಚಳಿಗಾಲದಲ್ಲಿ ಗಾಳಿ ತಂದ ಹಿಮ ಬೇಲಿಗೆ ಒತ್ತಿ ಇಳಿಜಾರಾಗುತ್ತದೆ, ಒಂದೇ ರಾತ್ರಿಯಲ್ಲಿ ತೋಳಕ್ಕೆ ಏಣಿ ಸಿದ್ಧ. ಮರವೊಂದು ಉರುಳಿದರೂ ಅಷ್ಟೇ. ದಿನಾ ಬೇಲಿ ಸುತ್ತಲೇಬೇಕು. ಒಂದೇ ಜಾಗದಲ್ಲಿ ಕೂಡಿಹಾಕಿದರೆ ಮಣ್ಣಿನಲ್ಲಿ ಜಂತು ಸೇರಿಕೊಳ್ಳುತ್ತದೆ, ಹಾಗಾಗಿ ಆವರಣ ಬದಲಿಸಿ ನೆಲಕ್ಕೆ ಬಿಡುವು ಕೊಡಬೇಕು. ಮನುಷ್ಯರ ಓಡಾಟವೂ ಎಷ್ಟು ಬೇಕೋ ಅಷ್ಟೇ. ಮನುಷ್ಯನನ್ನು ಕಂಡು ಹತ್ತಿರ ಬರುವ ಕ್ಯಾರಿಬೂ ಕಾಡಿಗೆ ದಕ್ಕುವುದಿಲ್ಲ.

ಹುಟ್ಟಿದ ಮರಿಯನ್ನು ಆ ವರ್ಷವೇ ಬಿಡುವುದಿಲ್ಲ, ಸುಮಾರು ಒಂದು ವರ್ಷ ತುಂಬಿದ ಮೇಲೆ, ಕಾಡಿನ ಹಿಂಡು ಇರುವಲ್ಲಿಗೇ ಜಾಡು ತಿಳಿಸುವ ಕೊರಳಪಟ್ಟಿ ಹಾಕಿ ಕಳಿಸುವುದು. ಹಿಮಕುಸಿತದ ಇಳಿಜಾರು ಯಾವುದು, ಬೇಸಿಗೆಯಲ್ಲಿ ಎಷ್ಟು ಎತ್ತರಕ್ಕೆ ಹೋಗಬೇಕು ಎಂಬುದನ್ನು ದೊಡ್ಡಿಯಲ್ಲಿ ಕಲಿಸಲಾಗದು, ಹಿರಿಯ ಹೆಣ್ಣುಗಳ ಹಿಂದೆ ನಡೆದೇ ಕಲಿಯಬೇಕು. ಟಾಂಕ್ವಿನ್‌ನಲ್ಲಿ ಹಿಂಡು ಇನ್ನೂ ಉಳಿದಿರುವಾಗಲೇ ಅವಸರ ಮಾಡುತ್ತಿರುವುದು ಅದಕ್ಕೆ. ಆ ಹಿರಿಯರೂ ಹೋದ ಮೇಲೆ ನೂರು ಮರಿ ಬಿಟ್ಟರೂ ದಾರಿ ತೋರಿಸುವವರಿರುವುದಿಲ್ಲ.

ಬೇಲಿಯಾಚೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಕ್ವಿಬೆಕ್‌ನ ಶಾರ್ಲ್‌ವಾ ನೋಡು. 1969ರಿಂದ 1972ರವರೆಗೆ ಆವರಣದಲ್ಲಿ ಹುಟ್ಟಿದ ಕ್ಯಾರಿಬೂಗಳನ್ನು ಬಿಟ್ಟರು, ಹಿಂಡು ನೂರು ದಾಟಿತು. ಸುತ್ತಲಿನ ಹಳೆಯ ಕಾಡು ಕಡಿದಲ್ಲೆಲ್ಲ ಎಳೆಯ ಚಿಗುರು ಬಂದು ಅದನ್ನು ತಿನ್ನುವ ಮೂಸ್ ಎಂಬ ದೈತ್ಯ ಜಿಂಕೆ ಹೆಚ್ಚಿತು, ಹಿಂದೆಯೇ ತೋಳ. 2022ರಲ್ಲಿ ಉಳಿದದ್ದನ್ನೆಲ್ಲ ಹಿಡಿದು ಮತ್ತೆ ಬೇಲಿಯೊಳಗೆ ತಂದರು. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಜಾದಲ್ಲಿ ವೆಸ್ಟ್ ಮೊಬರ್ಲಿ ಮತ್ತು ಸೋಟೋ ಮೂಲನಿವಾಸಿಗಳು ಗಬ್ಬದ ಹೆಣ್ಣುಗಳನ್ನು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಮಾತ್ರ ಕಾಪಾಡಿ ಮರಿಯೊಂದಿಗೆ ಬಿಟ್ಟರು. 2013ರಲ್ಲಿ 38 ಇದ್ದದ್ದು 2021ಕ್ಕೆ 101 ಆಯಿತು. ಆದರೆ ಜೊತೆಗೇ ಅಲ್ಲಿ ತೋಳಗಳನ್ನೂ ಕೊಂದರು. ಅದು ನೋವಿನ ಸಂಗತಿ, ಹಾಗೆಂದು ಅದನ್ನು ಬಿಟ್ಟು ಲೆಕ್ಕ ಹೇಳುವುದು ಸರಿಯಲ್ಲ. ಜಾಸ್ಪರ್ ನಂಬಿರುವುದು ತಾನಾಗಿ ಇಳಿದ ತೋಳದ ಸಂಖ್ಯೆಯನ್ನು. ಅದು ಮತ್ತೆ ಏರಿದರೆ ಕೇಂದ್ರದ ಅಷ್ಟೂ ದುಡಿಮೆ ತೋಳದ ಬಾಯಿಗೆ.

ನೀನು ಚಳಿಗಾಲದಲ್ಲಿ ಟಾಂಕ್ವಿನ್ ಕಣಿವೆಗೆ ಸ್ಕೀ ಹಾಕಿ ಹೋಗುವ ಮಾತಾಡಿದ್ದೆಯಲ್ಲ, ಅದನ್ನು ಕೈಬಿಡು. ನವೆಂಬರ್ 1ರಿಂದ ಅದು ಮುಚ್ಚಿರುತ್ತದೆ. ಕ್ಯಾರಿಬೂಗೆ ಅಗಲದ ಗೊರಸು, ಮೆತ್ತನೆಯ ಹಿಮದ ಮೇಲೆ ತೇಲಿದಂತೆ ನಡೆಯುತ್ತದೆ, ತೋಳ ಹೂತುಹೋಗುತ್ತದೆ. ಸ್ಕೀ ಓಡಾಡಿ ಗಟ್ಟಿಯಾದ ಜಾಡು ಸಿಕ್ಕಿತೋ, ತೋಳ ಅದೇ ಹಾದಿ ಹಿಡಿದು ಮೇಲಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಹೋಗು, ನಾಯಿಯನ್ನು ಮನೆಯಲ್ಲೇ ಬಿಡು.

ನಿನ್ನ ಗೆಳೆಯ