ಅಣ್ಣನ ಪಂಪೂ ದೇವರ ಕೃಪೆಯೂ

ಸಂಪಾದಕರಿಗೆ ನಮಸ್ಕಾರ.

ಹಿಂದಿನ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಬರೆದಿದ್ದರು. ಕ್ರೈಸ್ತರಿಗೆ ಬಹಳ ಸುಲಭ, ತಪ್ಪು ಮಾಡಿ ಪಾದ್ರಿಗಳ ಹತ್ತಿರ ಹೇಳಿಬಿಟ್ಟರೆ ದೇವರ ಕೃಪೆಯಿಂದ ಲೆಕ್ಕ ಚುಕ್ತಾ, ಮರುದಿನ ಮತ್ತೆ ಶುರು ಅಂತ. ಓದಿ ಸಿಟ್ಟು ಬಂತು. ಆಮೇಲೆ ನಗು ಬಂತು. ಯಾಕೆಂದರೆ ನಾನು ಮಾಡಿಕೊಂಡು ಬಂದದ್ದು ಇದರ ಉಲ್ಟಾ ತಪ್ಪು. ಕೃಪೆ ಪುಕ್ಕಟೆ ಸಿಗುತ್ತದೆ ಅಂತ ನಾನು ಯಾವತ್ತೂ ನಂಬಿರಲಿಲ್ಲ. ದುಡಿದು ಗಳಿಸಬೇಕು ಅಂತಲೇ ತಿಳಿದಿದ್ದೆ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಬೋಟುಗಳೆಲ್ಲ ದಡ ಸೇರಿದಾಗ ನನಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಕೆಲಸ ಮಾಡು, ಕೂಲಿ ತಗೋ. ದೇವರ ಹತ್ತಿರವೂ ಅದೇ ವ್ಯವಹಾರ ಇಟ್ಟುಕೊಂಡಿದ್ದೆ. ದಿನಾ ಸಂಜೆ ಜಪಸರ. ಡಿಸೆಂಬರ್ 3ಕ್ಕೆ ತಪ್ಪದೆ ಹಳೆ ಗೋವಾಕ್ಕೆ, ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸು ಕಾಲ, ಆಗಿನ ಶುಕ್ರವಾರ ಮಾಂಸ ತಿನ್ನಬಾರದು ಅಂತ ನಮ್ಮಲ್ಲಿ ನಿಯಮ. ಮೀನು ತಿನ್ನಬಹುದು. ಕಾರವಾರದವನಿಗೆ ಮೀನು ತಿಂದುಕೊಂಡಿರು ಅಂದರೆ ಅದೆಂಥ ತಪಸ್ಸು, ಅಲ್ವಾ? ಅದಕ್ಕೆ ನಾನು ನಲವತ್ತು ದಿನ ಮೀನನ್ನೂ ಬಿಡುತ್ತಿದ್ದೆ. ಬಂದರಿನವರಿಗೆಲ್ಲ ಗೊತ್ತಾಗುವ ಹಾಗೆ ಬಿಡುತ್ತಿದ್ದೆ.

ಅದೇ ಕಾಲದಲ್ಲಿ ಪಕ್ಕದ ಮನೆಯಲ್ಲಿರುವ ಸ್ವಂತ ಅಣ್ಣನ ಜೊತೆ ಹನ್ನೊಂದು ವರ್ಷ ಮಾತಿರಲಿಲ್ಲ. ಕಾರಣ ಒಂದು ಕಂಪೌಂಡ್ ಗೋಡೆ, ಮೂರು ತೆಂಗಿನ ಮರ. ತಪ್ಪು ಅವನದೇ, ಈಗಲೂ ಹೇಳುತ್ತೇನೆ. ಭಾನುವಾರ ಇಬ್ಬರೂ ಒಂದೇ ಇಗರ್ಜಿಗೆ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರಿ ಅಂದಾಗ ನಾನು ಬಲಕ್ಕೆ ತಿರುಗಿ ಕೈಮುಗಿಯುತ್ತಿದ್ದೆ, ಅವನು ಎಡಕ್ಕೆ. ಅವನು ಮೊದಲು ಬಂದು ತಪ್ಪಾಯಿತು ಅನ್ನಲಿ, ಆಮೇಲೆ ನೋಡೋಣ ಅನ್ನುವುದು ನನ್ನ ಲೆಕ್ಕ.

2024ರ ಆಗಸ್ಟ್ 7 ನಿಮಗೂ ನೆನಪಿರಬೇಕು. ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಜೊತೆಗೆ ಒಂದು ಲಾರಿಯೂ ನೀರಿಗೆ ಬಿತ್ತು. ಡ್ರೈವರ್ ಹೇಗೋ ಮಾಡಿ ಲಾರಿಯ ಮೇಲೆ ಹತ್ತಿದ್ದ. ಮೀನುಗಾರರು, ಪೊಲೀಸರು ಸೇರಿ ಅವನನ್ನು ದಡಕ್ಕೆ ತಂದರು. ತಮಿಳುನಾಡಿನವನಂತೆ. ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. "ಯಾವ ಪುಣ್ಯ ಮಾಡಿದ್ದನೋ ಏನೋ" ಅಂತ ಯಾರೋ ಅಂದರು. ಮೂಲೆಯಲ್ಲಿ ಕೂತಿದ್ದ ಮುದುಕ ತಂಡೇಲ, ಅಂದರೆ ಬೋಟ್ ನಡೆಸುವವನು, ಬೀಡಿ ಆರಿಸುತ್ತ, "ಪುಣ್ಯ ಕೇಳಿ ಯಾರು ದೋಣಿ ಇಳಿಸ್ತಾರೆ ಮಾರಾಯಾ?" ಅಂದ.

ಚಹಾ ಅಲ್ಲೇ ಬಿಟ್ಟು ಎದ್ದೆ ಅಂತ ಸುಳ್ಳು ಹೇಳುವುದಿಲ್ಲ. ಚಹಾ ಕುಡಿದೆ, ಇನ್ನೊಂದು ಬನ್ಸ್ ಕೂಡ ತಿಂದೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ.

ಜಕ್ಕಾಯನ ಕಥೆ ನೂರು ಸಲ ಕೇಳಿದ್ದೇನೆ. ಲೂಕನ ಶುಭಸಂದೇಶ, 19ನೇ ಅಧ್ಯಾಯ. ಸುಂಕ ವಸೂಲಿಯಲ್ಲಿ ದುಡ್ಡು ಮಾಡಿದ ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಅಂತ ಅವನು ಹೇಳಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಇವತ್ತು ನಿನ್ನ ಮನೆಯಲ್ಲೇ ಉಳಿಯುತ್ತೇನೆ ಅಂತ ಯೇಸು ಅಂದದ್ದು ಅದಕ್ಕೂ ಮೊದಲು. ಆಗಿನ್ನೂ ಜಕ್ಕಾಯ ಒಂದು ಕಾಸಿನ ಮಾತೂ ಆಡಿರಲಿಲ್ಲ. ಕೃಪೆ ಮೊದಲು ಬಂತು, ನಾಲ್ಕರಷ್ಟು ಹಿಂದಿನಿಂದ ಬಂತು. ಪತ್ರ ಬರೆದವರು ಆ ಹಿಂದಿನದನ್ನು ಬಿಟ್ಟಿದ್ದಾರೆ. ಮನಸ್ಸಾರೆ ಮರುಗಿ, ಇನ್ನು ಮಾಡುವುದಿಲ್ಲ ಅಂತ ಗಟ್ಟಿ ಮಾಡಿಕೊಳ್ಳದೆ ಹೋದರೆ ಪಾಪನಿವೇದನೆ ಸುಮ್ನೆ ಬಾಯಿಮಾತು. ಕದ್ದದ್ದನ್ನು ಹಿಂತಿರುಗಿಸಲೂ ಬೇಕು. ಇದು ನನ್ನ ಮಾತಲ್ಲ, ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಪಾಠ.

ಹೊನ್ನಾವರದಲ್ಲಿ ನನಗೊಬ್ಬ ಪ್ರಾಟೆಸ್ಟೆಂಟ್ ಗೆಳೆಯನಿದ್ದ. "ನೀವು ಕ್ಯಾಥೊಲಿಕರು ಸ್ವರ್ಗಕ್ಕೆ ಕಂತು ಕಟ್ಟುವವರು" ಅಂತ ಕೆಣಕುತ್ತಿದ್ದ. ನಮ್ಮ ಧರ್ಮಸಭೆ ಹಾಗೆ ಕಲಿಸುವುದಿಲ್ಲ. ಕಂತು ಕಟ್ಟುತ್ತಿದ್ದವನು ನಾನು. ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಅನ್ನುವ ಪೆಲಾಜಿಯಸ್ ಎಂಬ ಸನ್ಯಾಸಿಯ ವಾದವನ್ನು 418ರಲ್ಲೇ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ತಳ್ಳಿಹಾಕಿತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರಲ್ಲಿ ಒಂದು ಪಂಗಡವಾದ ಲೂಥರನ್ನರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಹಚ್ಚುತ್ತದೆ ಅಂತ. ಹದಿನಾರನೇ ಶತಮಾನದ ಜಗಳ ಅದು. ಅವರು ಒಂದು ಮೇಜಿಗೆ ಬಂದರು. ನಾನು ಮೂರು ತೆಂಗಿನ ಮರ ಹಿಡಿದುಕೊಂಡು ಕೂತಿದ್ದೆ.

ಸೇತುವೆ ಬಿದ್ದ ಎಂಟು ದಿನಕ್ಕೆ ಆಗಸ್ಟ್ 15. ಮಾತೆ ಮರಿಯಮ್ಮನ ಸ್ವರ್ಗಸ್ವೀಕಾರದ ಹಬ್ಬ, ದೇಶಕ್ಕೂ ಹಬ್ಬ. ಪೂಜೆ ಮುಗಿಸಿ ಬಂದರೆ ಅಣ್ಣನ ಬಾವಿಯ ಪಂಪು ಬರೀ ಗಾಳಿ ಎಳೆಯುತ್ತಿತ್ತು. ಫುಟ್ ವಾಲ್ವ್ ಹೋಗಿದೆ ಅಂತ ಗೋಡೆಯ ಈಚೆಯಿಂದಲೇ ಗೊತ್ತಾಗುತ್ತಿತ್ತು. ನಾಲ್ಕು ದಿನದಿಂದ ಅದೇ ಸದ್ದು. ಒಳಗೊಳಗೆ ನನಗೆ ಖುಷಿಯೂ ಆಗಿತ್ತು, ಸುಳ್ಳ್ಯಾಕೆ. ಅವತ್ತು ಯಾಕೋ ಸ್ಪ್ಯಾನರ್ ತಗೊಂಡು, ಮನೆಯಲ್ಲಿದ್ದ ಹೊಸ ವಾಲ್ವ್ ಹಿಡಿದು ಆಚೆ ಹೋದೆ. ಅಣ್ಣ ಜಗಲಿಯಲ್ಲಿ ನಿಂತು ನೋಡಿದ. ಏನೂ ಕೇಳಲಿಲ್ಲ. ಪೈಪ್ ಮೇಲೆತ್ತಿ, ವಾಲ್ವ್ ಬದಲಿಸಿ, ನೀರು ತುಂಬಿ ಸ್ವಿಚ್ ಹಾಕಿದೆ. ನೀರು ಬಂತು. ವಾಪಸ್ ಬಂದೆ.

ಇದನ್ನು ನನ್ನ ಒಳ್ಳೆತನ ಅಂತ ಯಾರೂ ತಿಳಿಯಬಾರದು. ಹನ್ನೊಂದು ವರ್ಷವೂ ನನ್ನ ಒಳ್ಳೆತನ, ಜಪಸರ, ಉಪವಾಸ ಎಲ್ಲ ನನ್ನ ಹತ್ತಿರವೇ ಇತ್ತಲ್ಲ? ಅವು ನನ್ನನ್ನು ಆ ಗೋಡೆ ದಾಟಿಸಿರಲಿಲ್ಲ. ಮನೆಮಾತು ಕೊಂಕಣಿಯಲ್ಲಿ ನಾವು ಕುರ್ಪಾ ಅನ್ನುತ್ತೇವೆ. ನನಗೆ ಗೊತ್ತಿರುವ ಹೆಸರು ಅದೊಂದೇ.

ಆಧ್ಯಾತ್ಮಿಕ ಬೆಳವಣಿಗೆ ಅಂತ ದೊಡ್ಡ ಮಾತು ಬೇಡ. ಬಿತ್ತಿದವನು ಮಲಗಿ ಏಳುತ್ತಿರುವಾಗ ಅವನಿಗೇ ತಿಳಿಯದ ಹಾಗೆ ಬೀಜ ಮೊಳೆಯುತ್ತದೆ ಅಂತ ಮಾರ್ಕನ ಶುಭಸಂದೇಶದಲ್ಲಿದೆ. ನನ್ನದು ಬಹಳ ನಿಧಾನದ ಬೀಜ. ಆ ತೆಂಗಿನ ಮರ ಕಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಜಪಸರ ಬಿಟ್ಟಿಲ್ಲ, ಎಣಿಸುವುದು ಮಾತ್ರ ಕಡಿಮೆಯಾಗಿದೆ.

ಅಣ್ಣನೂ ಜಾಸ್ತಿ ಮಾತಾಡುವುದಿಲ್ಲ. ಅವತ್ತೇ ಸಂಜೆ ಮಗನ ಕೈಲಿ ವಾಲ್ವಿನ ದುಡ್ಡು ಅಂತ 500 ರೂಪಾಯಿ ಕಳಿಸಿದ. ನಾನು ವಾಪಸ್ ಕಳಿಸಿದೆ. ಅವನು ಮತ್ತೆ ಕಳಿಸಿದ. ಪುಕ್ಕಟೆ ತಗೊಳ್ಳುವುದು ಅವನಿಗೂ ಆಗುವುದಿಲ್ಲ, ನನ್ನ ಅಣ್ಣನೇ ತಾನೆ. ಆ ನೋಟು ಸದ್ಯ ನಮ್ಮ ಮನೆಯ ಗಡಿಯಾರದ ಹಿಂದೆ ಇದೆ. ಬರುವ ಭಾನುವಾರ ನಾನೇ ತಗೊಂಡು ಹೋಗುತ್ತೇನೆ.

ಇಂತಿ,
ಒಬ್ಬ ಹಳೆಯ ಬೋಟ್ ಮೆಕ್ಯಾನಿಕ್,
ಕೋಡಿಬಾಗ, ಕಾರವಾರ